ಗುಂಡಿ ಕಿತ್ತ ಹನ್ನೊಂದು ಅಂಗಿ

ನಮ್ಮ ಮನೆಯಲ್ಲಿ ಕಳೆದುಹೋಗದ ವಸ್ತುವೇ ಇಲ್ಲ. ಕನ್ನಡಕ ಕಳೆಯುತ್ತದೆ, ಬೀಗದ ಕೈ ಕಳೆಯುತ್ತದೆ, ಎರಡು ವರ್ಷದ ಹಿಂದೆ ನಮ್ಮ ಯಜಮಾನರನ್ನೂ ಕಳೆದುಕೊಂಡೆ. (ಕನ್ನಡಕ ಆಮೇಲೆ ಸಿಕ್ಕಿತು.) ಹೀಗಿರುವಾಗ ಮೊಮ್ಮಗಳಿಗೆ ಪಾಠ ಹೇಳಲು ಮನೆಗೆ ಬರುವ ಮೇಷ್ಟ್ರು, "ಪ್ರಪಂಚದಲ್ಲಿ ಯಾವುದೂ ಕಳೆದುಹೋಗಲ್ಲಮ್ಮ. ಬಾಣದ ಗುರುತಿನ ಎಡಗಡೆ ಎಷ್ಟಿತ್ತೋ ಬಲಗಡೆಯೂ ಅಷ್ಟೇ ಇರಬೇಕು" ಎಂದರೆ ನನಗೆ ಸಿಟ್ಟು ಬರದೆ ಇರುತ್ತದೆಯೇ?

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಬಾಗಿಲ ಪರದೆಯ ಹಿಂದೆ ಬಟ್ಟೆ ಮಡಚುತ್ತಾ ಕೇಳಿಸಿಕೊಂಡ ಪಾಠ ಒಂದು ಡಿಗ್ರಿಗೆ ಸಾಲುವಷ್ಟಿದೆ. ಈ ಸಲದ ಪಾಠ, ರಸಾಯನಶಾಸ್ತ್ರದ ಸಮೀಕರಣ ಸರಿದೂಗಿಸುವುದು. ಹೈಡ್ರೋಜನ್ ಜೋಡಿಯಾಗಿಯೇ ಓಡಾಡುತ್ತದಂತೆ, ಆಕ್ಸಿಜನ್ನೂ ಹಾಗೆಯೇ. ಎರಡು ಹೈಡ್ರೋಜನ್ನಿಗೆ ಒಂದು ಆಕ್ಸಿಜನ್ ಸೇರಿದರೆ ನೀರು. ಒಂದೊಂದು ಜೋಡಿ ತಂದು ನೀರು ಮಾಡಿದರೆ ಒಂದು ಆಕ್ಸಿಜನ್ ಒಂಟಿಯಾಗಿ ಉಳಿಯುತ್ತದೆ. (ಒಂಟಿಯಾಗಿ ಉಳಿಯುವ ಕಷ್ಟವನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.) ನಮ್ಮ ಹುಡುಗಿ ಆ ಒಂಟಿಯನ್ನು ನೀರಿನ ಬಾಲಕ್ಕೇ ಅಂಟಿಸಿ, ಕೆಳಗೆ ಪುಟ್ಟದಾಗಿ ಎರಡು ಎಂದು ಬರೆದುಬಿಡುತ್ತಿದ್ದಳು.

"ಅದು ನೀರಲ್ಲಮ್ಮ, ಗಾಯ ತೊಳೆಯೋ ಔಷಧಿ. ಕೆಳಗಿನ ಸಣ್ಣ ಅಂಕಿ ಮುಟ್ಟಬೇಡ, ಮುಂದೆ ದೊಡ್ಡ ಅಂಕಿ ಹಾಕು. ಎಷ್ಟು ಸಲ ಹೇಳಲಿ?" ಎಂದು ಮೇಷ್ಟ್ರು ತಲೆ ಚಚ್ಚಿಕೊಂಡರು.

ಹದಿನೇಳು ಸಲ ಹೇಳಿದ್ದರು. ನಾನು ಎಣಿಸಿದ್ದೆ.

ಸೋಮವಾರ ಮರುಪರೀಕ್ಷೆ. ಫೇಲಾದರೆ ಗೆಳತಿಯರೆಲ್ಲ ಮೇಲಿನ ಕ್ಲಾಸಿಗೆ, ಇವಳು ಅದೇ ಹಳೇ ಬೆಂಚಿಗೆ. ಮೂರು ದಿನದಿಂದ ಹುಡುಗಿ ಸರಿಯಾಗಿ ಊಟ ಮಾಡಿರಲಿಲ್ಲ.

"ಅಜ್ಜಿ, ನನ್ ತಲೇಲಿ ಬರೀ ಮಣ್ಣಿದೆ," ಎಂದಳು.

"ಮಣ್ಣಿದ್ರೆ ಏನಾದ್ರೂ ಬೆಳೀಬಹುದು ಕಣೇ. ಹೋಗಿ ಕತ್ತರಿ ತಾ."

ನನಗೊಂದು ಮಹದಾಲೋಚನೆ ಹೊಳೆದಿತ್ತು. ಬೀರುವಿನ ಮೇಲಿನ ಅರೆಯಲ್ಲಿ ಯಜಮಾನರ ಹನ್ನೊಂದು ಅಂಗಿಗಳಿದ್ದವು. "ಯಾರಿಗಾದ್ರೂ ಕೊಟ್ಬಿಡೋಣ ಅತ್ತೆ, ಪಾಪ, ಹಾಕ್ಕೊಳ್ಳಲಿ" ಎಂದು ಸೊಸೆ ತಿಂಗಳಿಗೊಮ್ಮೆ ರಾಗ ಎಳೆಯುತ್ತಿದ್ದಳು. ನಾನು ತಿಂಗಳಿಗೊಮ್ಮೆ ಕಿವುಡಿಯಾಗುತ್ತಿದ್ದೆ. ಗುಂಡಿ ಕಿತ್ತುಬಿಟ್ಟರೆ ಮೊಮ್ಮಗಳಿಗೆ ಪಾಠವೂ ಆಯಿತು, ಅಂಗಿ ಯಾರಿಗೂ ಕೊಡುವಂತೆಯೂ ಇಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಕಾಲರಿನಲ್ಲಿ ಇನ್ನೂ ನಶ್ಯದ ವಾಸನೆ ಇತ್ತು. ಆ ಗುಂಡಿಗಳಲ್ಲಿ ಅರ್ಧದಷ್ಟನ್ನು ಎರಡೆರಡು ಸಲ ಹೊಲಿದವಳು ನಾನೇ. ಆದರೂ ಕತ್ತರಿ ಹಾಕಿದೆ.

ಬಿಳಿ ಗುಂಡಿ ಹೈಡ್ರೋಜನ್, ಕಂದು ಗುಂಡಿ ಆಕ್ಸಿಜನ್. ಎರಡೆರಡನ್ನು ಸೇರಿಸಿ ದಾರದಿಂದ ಗಟ್ಟಿಯಾಗಿ ಹೊಲಿದು ಡಬ್ಬಿಗೆ ತುಂಬಿದೆ.

"ನೋಡು, ಜೋಡಿಯಾಗೇ ಸಿಗೋದು. ಬಿಡಿ ಕೊಡಲ್ಲ. ಬೇಕಾದ್ರೆ ಇನ್ನೊಂದು ಜೋಡಿ ತಗೋ."

ಅವಳು ಒಂದು ಬಿಳಿ ಜೋಡಿ, ಒಂದು ಕಂದು ಜೋಡಿ ತೆಗೆದುಕೊಂಡಳು. ದಾರ ಕತ್ತರಿಸಿ ನೀರು ಮಾಡಿದಳು. ಒಂದು ಕಂದು ಗುಂಡಿ ಉಳಿಯಿತು. ಅದನ್ನು ಮೆಲ್ಲಗೆ ಚಾಪೆಯ ಕೆಳಗೆ ತಳ್ಳಿದಳು.

"ಕೈ ತೆಗಿ."

"ಏನಿಲ್ಲ ಅಜ್ಜಿ."

"ನಿಮ್ಮಜ್ಜನ ಗುಂಡಿ ಅದು. ಕಳೆದುಹೋಗೋ ಹಾಗಿಲ್ಲ. ಎಡಗಡೆ ಇದ್ದದ್ದು ಬಲಗಡೆ ಬರ್ಲೇಬೇಕು."

ಆ ಒಂಟಿ ಗುಂಡಿಯನ್ನು ಚಾಪೆಯ ಕೆಳಗಿನಿಂದ ತೆಗೆದು ಮುಂದಿಟ್ಟುಕೊಂಡಳು. ಆಮೇಲೆ ಡಬ್ಬಿಯಿಂದ ಇನ್ನೊಂದು ಬಿಳಿ ಜೋಡಿ ತೆಗೆದಳು. ಈಚೆ ಎರಡು ಬಿಳಿ ಜೋಡಿ, ಒಂದು ಕಂದು ಜೋಡಿ. ಆಚೆ ಎರಡು ನೀರು. ಒಂದೂ ಮಿಗಲಿಲ್ಲ.

"ಇಷ್ಟೇನಾ ಅಜ್ಜಿ?" ಎಂದಳು. ಅಂದು ಎರಡು ಸಲ ಬಡಿಸಿಕೊಂಡು ಉಂಡಳು.

ಶುಕ್ರವಾರ ಫಲಿತಾಂಶ. ಐದು ಸಮೀಕರಣಕ್ಕೆ ಐದೂ ಸರಿ, ಹುಡುಗಿ ಪಾಸು. ಸುದ್ದಿಯನ್ನು ಅಂಗಿಗಳಿಗೆ ಹೇಳೋಣವೆಂದು ಬೀರು ತೆಗೆದೆ. (ನಗಬೇಡಿ, ಇನ್ಯಾರಿಗೆ ಹೇಳಲಿ.) ಮೇಲಿನ ಅರೆ ಪೂರ್ತಿ ಖಾಲಿ.

ಹೊರಗೆ ಬಂದರೆ ಸೊಸೆ ನೆಲ ಒರೆಸುತ್ತಿದ್ದಳು. ಅವಳ ಕೈಯಲ್ಲಿ ಯಜಮಾನರ ಅಂಗಿಯ ನೀಲಿ ಗೆರೆಯ ತೋಳು.

"ಏನೇ ಇದು?"

"ಗುಂಡಿ ಇಲ್ಲದ್ದನ್ನ ಯಾರಿಗೆ ಕೊಡೋದು ಅತ್ತೆ? ನೀವೇ ಕಿತ್ತಿದ್ರಲ್ಲ, ಅಂತೂ ಮನಸ್ಸು ಗಟ್ಟಿ ಮಾಡ್ಕೊಂಡ್ರಿ ಅಂದ್ಕೊಂಡೆ. ಹಳೇ ಕಾಟನ್ನು, ನೀರು ಚೆನ್ನಾಗಿ ಹೀರುತ್ತೆ. ಹನ್ನೊಂದನ್ನೂ ಎರಡೆರಡು ಮಾಡಿ ಹರಿದಿಟ್ಟಿದ್ದೀನಿ."

ಒದ್ದೆ ನೆಲದ ಮೇಲೇ ಕುಳಿತು ಆ ತೋಳು ಹಿಡಿದುಕೊಂಡೆ. "ಹೋಯ್ತಲ್ಲೇ, ಎಲ್ಲಾ ಹೋಯ್ತು."

ಮೊಮ್ಮಗಳು ಓಡಿಬಂದು ಪಕ್ಕದಲ್ಲಿ ಕುಳಿತಳು. "ಎಲ್ಲೂ ಹೋಗಿಲ್ಲ ಅಜ್ಜಿ. ಎಡಗಡೆ ಹನ್ನೊಂದು ಅಂಗಿ. ಬಲಗಡೆ ಇಪ್ಪತ್ತೆರಡು ಒರೆಸೋ ಬಟ್ಟೆ, ಒಂದು ಡಬ್ಬಿ ಗುಂಡಿ. ಸರಿಹೋಯ್ತು ನೋಡು."

ನಾನೇ ಕಲಿಸಿದ ಪಾಠ.

ಈಗ ದಿನಾ ಬೆಳಿಗ್ಗೆ ಕುರ್ಚಿಯ ಮೇಲೆ ಕಾಲೆತ್ತಿ ಕೂರುತ್ತೇನೆ. ನೀಲಿ ಗೆರೆಯ ತೋಳು ಕೆಳಗೆ ಹಾದುಹೋಗುತ್ತದೆ. ನಲವತ್ತೊಂದು ವರ್ಷದ ಸಂಸಾರದಲ್ಲಿ ಒಂದು ದಿನವೂ ಪೊರಕೆ ಮುಟ್ಟದ ಮನುಷ್ಯ. "ಆ ಮೂಲೆ ಉಳೀತು ನೋಡಿ" ಎಂದು ಅವರಿಗೆ ಮೆಲ್ಲಗೆ ಹೇಳುತ್ತೇನೆ. ಸೊಸೆ ತನಗೇ ಹೇಳಿದ್ದೆಂದುಕೊಂಡು, ಮುಖ ಊದಿಸಿಕೊಂಡು ಆ ಮೂಲೆಯನ್ನು ಇನ್ನೊಮ್ಮೆ ಒರೆಸುತ್ತಾಳೆ.