ಮದುವೆ ಮನೆಗೆ ಹೊರಟ ಪವರ್ ಬ್ಯಾಂಕು

ಫೋಟೋ ತೆಗೆದು ಹೊಟ್ಟೆ ಹೊರೆಯುವವನಿಗೆ ಫಜೀತಿಗಳು ಕರೆಯದೇ ಬರುತ್ತವೆ. ವರ್ಷಕ್ಕೆ ನಾಲ್ಕಾರು ಸಲ ನನಗೆ ಅಂಥದ್ದು ಆಗುತ್ತಲೇ ಇರುತ್ತದೆ. ಈ ಬೇಸಿಗೆಯಲ್ಲಿ ಮಾತ್ರ ಒಂದು ಪವರ್ ಬ್ಯಾಂಕಿನ ಬೆನ್ನು ಹತ್ತಿ, ಒಂದರ ಹಿಂದೊಂದು ಸಾಲುಗಟ್ಟಿ ಬಂದವು.

ಬೆಳಗಾವಿ ಹತ್ತಿರದ ಪೀರನವಾಡಿಯಲ್ಲಿ ನನ್ನದೊಂದು ಪುಟ್ಟ ಸ್ಟುಡಿಯೋ. ಹಳೆಯ ಕ್ಯಾಮರಾ ಬೆಳಿಗ್ಗೆಯಿಂದ ಸಂಜೆಯ ತನಕ ಒಂದೇ ಬ್ಯಾಟರಿಯಲ್ಲಿ ದುಡಿಯುತ್ತಿತ್ತು. ಹೊಸದನ್ನು ಕೊಂಡೆ. ಫೋಟೋ ಚೆನ್ನಾಗಿಯೇ ಬರುತ್ತವೆ, ಆದರೆ ಮಧ್ಯಾಹ್ನದ ಊಟಕ್ಕೆ ಮೊದಲೇ ಅದರ ಬ್ಯಾಟರಿ ಕಣ್ಣು ಮುಚ್ಚುತ್ತದೆ. ಜೊತೆಗೊಂದು ಹೆಚ್ಚಿನ ಬ್ಯಾಟರಿ ಇದೆ, ಅದೂ ಹಾಗೆಯೇ. ಮೂರನೆಯದನ್ನು ತರೋಣವೆಂದರೆ ಬೆಳಗಾವಿಯಲ್ಲಿ ಎಲ್ಲಿಯೂ ಸಿಗಲಿಲ್ಲ. ನಕಲಿ ಬ್ಯಾಟರಿ ಹಾಕಿದರೆ ಕ್ಯಾಮರಾ ಮುನಿಸಿಕೊಂಡು ಕಣ್ಣೇ ತೆರೆಯುವುದಿಲ್ಲ.

ಅಷ್ಟರಲ್ಲಿ ನನ್ನ ಹೆಂಡತಿಯ ಅಣ್ಣನ ಮಗಳ ಮದುವೆ ಗೊತ್ತಾಯಿತು. ಖಾನಾಪುರ ತಾಲೂಕಿನ ಬೀಡಿ ಎಂಬ ಊರಿನಲ್ಲಿ, ಮನೆಯ ಮುಂದೆಯೇ ಮಂಟಪ. ಫೋಟೋ ನನ್ನದೇ. ಬೇಸಿಗೆಯಲ್ಲಿ ಅಲ್ಲಿ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಹೇಳುವವರಿಲ್ಲ. ಹೆಂಡತಿ ನನ್ನನ್ನು ಕೂರಿಸಿಕೊಂಡು ಶಾಂತವಾಗಿ ಹೇಳಿದಳು:

"ನೋಡ್ರಿ, ಬ್ಯಾರೆ ಫೋಟೋ ಎಷ್ಟರೆ ತಪ್ಪಲಿ. ಅಂತರಪಟ ಸರದು, ಅಕ್ಕಿಕಾಳು ಬೀಳೂಮುಂದ ಮದಲಿಂಗ ಮದಲಗಿತ್ತಿ ಒಬ್ಬರನೊಬ್ಬರು ನೋಡತಾರಲ್ಲ, ಅದೊಂದು ತಪ್ಪಬಾರದು. ಅದು ತಪ್ಪಿದರ ನಾ ತವರಮನಿಗಿ ಮುಖಾ ತೋರಸಂಗಿಲ್ಲ, ನೀವು ಈ ಮನಿಗಿ ಮುಖಾ ತೋರಸಬ್ಯಾಡ್ರಿ."

ಅವಳು ಕೂಗಾಡಿದರೆ ನನಗೆ ಭಯವಿಲ್ಲ. ಶಾಂತವಾಗಿ ಹೇಳಿದ್ದರಿಂದ ಆ ರಾತ್ರಿಯೇ ಪವರ್ ಬ್ಯಾಂಕು ಹುಡುಕಲು ಕೂತೆ.

ಬಿಸಿಲಿಗೆ ಇಟ್ಟದ್ದು

ಮೊದಲು ತರಿಸಿದ್ದು ಬಿಸಿಲಿನಿಂದ ಚಾರ್ಜ್ ಆಗುವ ಪವರ್ ಬ್ಯಾಂಕು. ಮೊಬೈಲಿನಲ್ಲಿ ಅದರ ಚಿತ್ರ ನೋಡಿದಾಗ ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ನಮ್ಮ ಬೇಸಿಗೆಯ ಬಿಸಿಲು ಪುಕ್ಕಟೆ, ಕರೆಂಟಿನ ಹಂಗೇ ಇಲ್ಲ. ಬಂದ ದಿನವೇ ಮಾಳಿಗೆಯ ಮೇಲೆ ಇಟ್ಟು ಸ್ಟುಡಿಯೋಕ್ಕೆ ಹೋದೆ.

ಸಂಜೆ ನೋಡಿದರೆ ಅದರ ಮೈಯಲ್ಲಿ ಜೀವವೇ ಇಲ್ಲ. ಮರುದಿನ ಇಟ್ಟೆ, ಹಾಗೆಯೇ. ಆ ವಾರವೆಲ್ಲ ಇದೇ ಕಥೆ. ಕೊನೆಗೆ ಮಾರಿದವರಿಗೆ ಫೋನು ಹಚ್ಚಿ, "ನಮ್ಮೂರ ಬಿಸಲಿಗಿ ತಲಿ ಸುಡಾಕತ್ತೈತಿ, ನಿಮ್ಮ ಡಬ್ಬಿಗೆ ಬಿಸಿಲು ಸಾಲವಲ್ದೇನ್ರಿ?" ಎಂದು ಜಗಳ ತೆಗೆದೆ. ಆ ಕಡೆಯ ಹುಡುಗಿ ತಾಳ್ಮೆಯಿಂದ, "ಸರ್, ಪೂರ್ತಿ ಬಿಸಿಲಿನಲ್ಲಿ ಇಟ್ಟಿದ್ದೀರಾ?" ಎಂದು ಕೇಳಿದಳು. ಈ ಪ್ರಶ್ನೆಯಿಂದ ನನಗೆ ಇನ್ನಷ್ಟು ಸಿಟ್ಟು ಬಂತು. ಬೇಕಾದರೆ ಈಗಲೇ ಫೋಟೋ ತೆಗೆದು ಕಳಿಸುತ್ತೇನೆ ಎಂದು ನಡು ಮಧ್ಯಾಹ್ನ ಮಾಳಿಗೆ ಹತ್ತಿದೆ.

ಪವರ್ ಬ್ಯಾಂಕು ಇಟ್ಟ ಜಾಗದಲ್ಲಿ ಇರಲಿಲ್ಲ. ನೀರಿನ ಟಾಕಿಯ ನೆರಳಿನಲ್ಲಿ, ಒಂದು ಒದ್ದೆ ಪಂಚೆಯ ಮಡಿಕೆಯೊಳಗೆ ತಣ್ಣಗೆ ಮಲಗಿತ್ತು. ಬಾಜೂಕಿನ ಮನೆಯ ಜೈನರ ಅಜ್ಜಿ ನಮ್ಮ ಮಾಳಿಗೆಯ ಮೇಲೆಯೇ ಹಪ್ಪಳ ಒಣಗಿಸುತ್ತಾರೆ. ಹಪ್ಪಳ ತಿರುವಿ ಹಾಕುತ್ತಿದ್ದವರು ನನ್ನನ್ನು ನೋಡಿ ಎದ್ದು ನಿಂತರು.

"ಬಾ ತಮ್ಮಾ, ಛಲೋ ಆತು ಬಂದಿ. ಇಷ್ಟ ತುಟ್ಟಿ ಸಾಮಾನು ದಿನಾ ಬಿಸಲಾಗ ಒಗದು ಹೋಗತಿ. ಕೈ ಇಟ್ಟರ ಕಾದ ಹಂಚ ಆಗಿರತೈತಿ. ನಾನ ದಿನಾ ನೆರಳಿಗಿ ಇಟ್ಟು, ಸಂಜಿಗಿ ಮತ್ತ ನೀ ಇಟ್ಟಲ್ಲೇ ಇಡತೀನಿ. ನಾ ಇಲ್ದಿದ್ದರ ಇಷ್ಟೊತ್ತಿಗಿ ಸುಟ್ಟ ಹೋಗತಿತ್ತು."

ಫೋನಿನಲ್ಲಿ ಆ ಹುಡುಗಿ ಇನ್ನೂ ಇದ್ದಳು. "ಫೋಟೋ ಕಳಿಸಿದಿರಾ ಸರ್?" ಎಂದಳು. ಸಿಗ್ನಲ್ ಇಲ್ಲವೆಂದು ಹೇಳಿ ಇಟ್ಟುಬಿಟ್ಟೆ.

ಅಂಗಡಿಯಲ್ಲಿ ಪರೀಕ್ಷೆ

ಆಮೇಲೆ ನಾಲ್ಕು ದಿನ ನಾನೇ ಕಾವಲು ಕೂತು ಬಿಸಿಲು ಕುಡಿಸಿದೆ. ಅದರಿಂದ ಕ್ಯಾಮರಾ ಬ್ಯಾಟರಿಯ ಕಾಲು ಭಾಗವೂ ತುಂಬಲಿಲ್ಲ. ಅಂಗಡಿಗೆ ಹೋಗಿ ಕಣ್ಣಾರೆ ನೋಡಿ ತರುವುದೇ ಸರಿ ಎಂದು ಬೆಳಗಾವಿಯ ಖಡೇಬಜಾರಿಗೆ ಹೊರಟೆ. ಹೆಂಡತಿಯೂ ಬಂದಳು. ನನ್ನ ಆಯ್ಕೆಯ ಮೇಲೆ ಅವಳಿಗೆ ನಂಬಿಕೆ ಹೋಗಿತ್ತು.

ಅಂಗಡಿಯವನು ಗಾಜಿನ ಮೇಲೆ ಹತ್ತಾರು ಪವರ್ ಬ್ಯಾಂಕು ಹರವಿದ. ಕರಿಯದು, ಬಿಳಿಯದು, ಬಳೆ ಡಬ್ಬಿಯ ಹಾಗೆ ನೀಲಿಯದು. ನಾನು ಒಂದೊಂದರ ಹಿಂದಿನ ಸಣ್ಣ ಅಕ್ಷರಗಳನ್ನು ಕನ್ನಡಕ ಎತ್ತಿ ಎತ್ತಿ ಓದತೊಡಗಿದೆ. ಒಂದರ ಮೇಲೆ, ಅದು ಹಿಡಿಯುವ ಕರೆಂಟಿನ ಲೆಕ್ಕ, ಇಪ್ಪತ್ತು ಸಾವಿರ ಎಂದು ಬರೆದಿತ್ತು. ಅಂಗಡಿಯವನು ಪ್ರಾಮಾಣಿಕ ಮನುಷ್ಯ.

"ಸಾಹೇಬ್ರ, ಬರದದ್ದು ಇಪ್ಪತ್ತ ಇದ್ದರೂ ನಿಮ್ಮ ಕೈಗಿ ಹನ್ನೆರಡು, ಹದಿಮೂರು ಸಾವಿರ ಸಿಕ್ಕೀತು ಅಷ್ಟ."

ಹೆಂಡತಿಯ ಹುಬ್ಬು ಮೇಲೇರಿತು. "ಅಂದ್ರ? ಉಳದದ್ದು ಯಾರು ತಿಂತಾರ?"

"ಯಾರೂ ತಿನ್ನಂಗಿಲ್ರಿ ವೈನಿ. ಹಾಲು ಕಾಸಿದರ ಒಂದೀಟು ಇಂಗತೈತಲ್ಲ, ಹಂಗ. ಎಲ್ಲಾ ಕಂಪನೀದೂ ಹಿಂಗ ಐತಿ."

"ನಮ್ಮ ಮನ್ಯಾಗ ಹಾಲು ಅಷ್ಟು ಇಂಗಂಗಿಲ್ಲ" ಎಂದಳು ಅವಳು.

ನಾನು ಕ್ಯಾಮರಾ ಮತ್ತು ಅದರ ವೈರನ್ನು ಜೊತೆಗೆ ಒಯ್ದಿದ್ದೆ. ಈ ಕ್ಯಾಮರಾ ಫೋನಿನ ಹಾಗಲ್ಲ, ಜೋರಾಗಿ ಕರೆಂಟು ಬಿಟ್ಟರೆ ಮಾತ್ರ ತೆಗೆದುಕೊಳ್ಳುತ್ತದೆ. ಅದೂ ಆಫ್ ಮಾಡಿಟ್ಟರೆ ಮಾತ್ರ. ಮೊದಲನೆಯದಕ್ಕೆ ಜೋಡಿಸಿದರೆ ದೀಪ ಹತ್ತಲಿಲ್ಲ. ಎರಡನೆಯದಕ್ಕೆ ಹತ್ತಿ ಆರಿತು. ಇಟ್ಟಂಗಿಯಷ್ಟು ಭಾರದ ಒಂದು ಕರಿಯದಕ್ಕೆ ಜೋಡಿಸಿದ ಕೂಡಲೇ ಕ್ಯಾಮರಾದ ದೀಪ ಹತ್ತಿಕೊಂಡು ಹಾಗೆಯೇ ನಿಂತಿತು. ಇದೇ ಇರಲಿ ಎಂದೆ. ಅಂಗಡಿಯವನು ಅದೇ ಮಾದರಿಯ ಇನ್ನೊಂದು ಹೊಸದನ್ನು ಡಬ್ಬಿಯಿಂದ ತೆಗೆದ.

"ತಡೀರಿ" ಎಂದಳು ಹೆಂಡತಿ.

ಎರಡನ್ನೂ ಎರಡು ಕೈಯಲ್ಲಿ ಹಿಡಿದು ತೂಗಿದಳು. ಬೆರಳಿನಿಂದ ಬಡಿದಳು. ಆಮೇಲೆ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಜೋರಾಗಿ ಅಲ್ಲಾಡಿಸಿ ಕೇಳಿದಳು. ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ವ್ಯವಹಾರ ಬಿಟ್ಟು ನೋಡತೊಡಗಿದರು. ಅಂಗಡಿಯವನು ಕೈ ಮುಗಿದ.

"ವೈನಿ, ಟೆಂಗಿನಕಾಯಿ ಅಲ್ರಿ ಅದು. ಒಳಗ ನೀರಿಲ್ಲ."

"ಅದನ್ನ ನೋಡಾಕತ್ತೀನಿ" ಎಂದಳು ಹೆಂಡತಿ. "ಅಪ್ಪಿತಪ್ಪಿ ಸಪ್ಪಳಾ ಬಂದರ ತೊಗೊಳ್ಳಂಗಿಲ್ಲ."

ಅವಳ ಹಿಂದೆ ನಿಂತಿದ್ದ ಒಬ್ಬರು, ತಾವು ಆಗಲೇ ಹಣ ಕೊಟ್ಟು ಚೀಲಕ್ಕೆ ಹಾಕಿದ್ದ ಪವರ್ ಬ್ಯಾಂಕನ್ನು ಸದ್ದಿಲ್ಲದೆ ಹೊರತೆಗೆದು ಕಿವಿಗೆ ಹಿಡಿದರು.

ಬಸ್ಸಿನ ಉಪಕಾರ

ಮದುವೆಯ ಹಿಂದಿನ ದಿನ ಬ್ಯಾಟರಿಗಳನ್ನೂ ಪವರ್ ಬ್ಯಾಂಕನ್ನೂ ಪೂರ್ತಿ ತುಂಬಿಸಿಕೊಂಡು ಇಬ್ಬರೂ ಬಸ್ಸು ಹತ್ತಿದೆವು. ಮದುವೆಯ ಹಂಗಾಮು, ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಹೆಚ್ಚಿನವರೆಲ್ಲ ಹೆಣ್ಣುಮಕ್ಕಳು. ದೇಸೂರ ದಾಟುವ ಹೊತ್ತಿಗೆ ಕಂಡಕ್ಟರನ ಟಿಕೆಟ್ ಮಶೀನು ಸತ್ತಿತು. ಆತ ಸೀಟಿ ಊದಿ ಬಸ್ಸನ್ನು ರಸ್ತೆ ಬದಿಗೆ ನಿಲ್ಲಿಸಿಯೇಬಿಟ್ಟ.

"ಟಿಕೆಟ್ ಕೊಡದ ಮುಂದ ಹೋಗಾಕ ಬರಂಗಿಲ್ರಿ. ಚೆಕಿಂಗ್ ಬಂದರ ನನ್ನ ನೌಕರಿ ಹೋಗತೈತಿ. ಯಾರ ಹತ್ರರೆ ಚಾರ್ಜರ್ ಐತೇನ್ರಿ?"

ನಾನು ಕಿಟಕಿಯ ಹೊರಗೆ ನೋಡಿದೆ. ಆದರೆ ನನ್ನ ಪಕ್ಕ ಕೂತವಳು ನನ್ನ ಹೆಂಡತಿ. "ಇವರ ಹತ್ರ ಐತಿ. ಅಸಲೀ ಮಾಲು, ನಾನ ನೋಡಿ ತಂದದ್ದು" ಎಂದು ಕೈ ಎತ್ತಿದಳು. ಇಡೀ ಬಸ್ಸು ನನ್ನ ಕಡೆ ತಿರುಗಿತು. ಇಲ್ಲ ಎನ್ನುವುದು ನಮ್ಮ ಕಡೆ ಯಾರಿಗೂ ಬರುವುದಿಲ್ಲ, ನನಗೂ ಬರಲಿಲ್ಲ.

ಮಶೀನಿಗೆ ವೈರು ಜೋಡಿಸಿ, ಪವರ್ ಬ್ಯಾಂಕನ್ನು ಕೂಸಿನ ಹಾಗೆ ಹಿಡಿದುಕೊಂಡು, ನಾನು ಕಂಡಕ್ಟರನ ಹಿಂದೆ ಬಸ್ಸಿನ ಈ ತುದಿಯಿಂದ ಆ ತುದಿಗೆ ನಡೆದೆ. ಹೆಣ್ಣುಮಕ್ಕಳಿಗೆ ಪ್ರಯಾಣ ಪುಕ್ಕಟೆಯಾದರೂ ಟಿಕೆಟ್ ಕೊಡಲೇಬೇಕು. ನನ್ನ ಕರೆಂಟಿನಲ್ಲಿ ಒಬ್ಬೊಬ್ಬರಿಗೂ ಸೊನ್ನೆ ರೂಪಾಯಿಯ ಟಿಕೆಟ್ ಹೊರಬರುತ್ತಾ ಹೋಯಿತು. ನನ್ನ ಹೆಂಡತಿಗೂ ಒಂದು ಬಂತು. ಖಾನಾಪುರದ ಹತ್ತಿರ ಕಂಡಕ್ಟರ್ ಬೆವರು ಒರೆಸಿಕೊಂಡು ನನ್ನ ಹೆಗಲ ಮೇಲೆ ಕೈ ಇಟ್ಟ.

"ಭಾಳ ಉಪಕಾರ ಆತ್ರಿ ಅಣ್ಣಾರ. ನೀವಿಲ್ಲಂದ್ರ ಎಲ್ಲಾರೂ ನಡುದಾರ್ಯಾಗ ಕುಂದರಬೇಕಾಗಿತ್ತು. ಈಗ ಒಬ್ಬರ ಟಿಕೆಟ್ ಅಷ್ಟ ಉಳೀತು."

"ಯಾರದ್ರಿ?"

"ನಿಮ್ಮದ. ಪೂರಾ ಚಾರ್ಜ್ ಕೊಡ್ರಿ, ಚಿಲ್ರೆ ಇದ್ದರ ಛಲೋ."

ಮಂಗಳಾಷ್ಟಕ

ಮದುವೆ ಮನೆಯಲ್ಲಿ ಚಾರ್ಜರ್ ಎಂಬುದು ಕುಡಿಯುವ ನೀರಿನ ಹಂಡೆಯ ಹಾಗೆ, ಎಲ್ಲರದೂ. ಕರೆಂಟು ಬೆಳಿಗ್ಗೆಯೇ ಹೋಗಿತ್ತು. ನಾನು ಅರಿಷಿಣದ ಫೋಟೋ ತೆಗೆಯುವಷ್ಟರಲ್ಲಿ ಪವರ್ ಬ್ಯಾಂಕು ಬೀಗರ ಬಿಡಾರ ತಲುಪಿ, ಯಾರ್ಯಾರದೋ ಫೋನು ತುಂಬಿಸಿ, ಚಾರ್ಜ್ ತೋರಿಸುವ ಸಾಲಿನಲ್ಲಿ ಒಂದೇ ದೀಪ ಉಳಿಸಿಕೊಂಡು ಮರಳಿ ಬಂತು. ಒಂದು ಬ್ಯಾಟರಿ ಆಗಲೇ ಮುಗಿದಿತ್ತು. ವಧೂವರರನ್ನು ನಿಲ್ಲಿಸಿ ನಡುವೆ ಅಂತರಪಟ ಹಿಡಿದಾಗ ಎರಡನೆಯದೂ ಮುಗಿಯಿತು.

ಕ್ಯಾಮರಾ ಆಫ್ ಮಾಡಿ ಪವರ್ ಬ್ಯಾಂಕಿಗೆ ಜೋಡಿಸಿದೆ. ಐದು ನಿಮಿಷವಾದರೂ ಬೇಕು. ಭಟ್ಟರು ಮಂಗಳಾಷ್ಟಕ ಶುರು ಮಾಡಿಯೇಬಿಟ್ಟರು. ನಮ್ಮ ಕಡೆ ಭಟ್ಟರ ನಂತರ ಮನೆಯವರೂ ಒಂದೊಂದು ಹಾಡುತ್ತಾರೆ, ಮರಾಠಿಯಲ್ಲಿ ಕೆಲವರು, ಕನ್ನಡದಲ್ಲಿ ಕೆಲವರು. ಒಂದೊಂದರ ಕೊನೆಗೆ "ಸಾವಧಾನ" ಎಂದಾಗ ಜನ ಅಕ್ಕಿಕಾಳು ಹಾಕುತ್ತಾರೆ. ಕೊನೆಯದು ಮುಗಿದ ಕೂಡಲೇ ಅಂತರಪಟ ಸರಿಯುತ್ತದೆ. ಆ ದಿನ ಹಾಡುವವರು ಇಬ್ಬರೇ ಇದ್ದರು. ಇಬ್ಬರದೂ ಬೇಗ ಮುಗಿಯಿತು.

ಹೆಂಡತಿ ದೂರದಿಂದ ನನ್ನ ಮುಖ ನೋಡಿದಳು. ಕೈಯಲ್ಲಿನ ವೈರು ನೋಡಿದಳು. ಸೀದಾ ಹೋಗಿ ಮೈಕು ಹಿಡಿದಳು.

ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವಳು ಹಾಡಿದ್ದನ್ನು ನಾನು ಕೇಳಿರಲಿಲ್ಲ. ಯಾಕೆ ಹಾಡುವುದಿಲ್ಲ ಎಂಬುದು ಮೊದಲ ಸಾಲಿಗೇ ಎಲ್ಲರಿಗೂ ತಿಳಿಯಿತು. ಮೈಕಿಗೆ ಸ್ವಂತದ ಬ್ಯಾಟರಿ ಇತ್ತು, ಅದಂತೂ ಚೆನ್ನಾಗಿಯೇ ಇತ್ತು. ಹಾಡು ಮುಗಿಸಿ ನನ್ನ ಕಡೆ ನೋಡಿದಳು. ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ. ಅವಳಿಗೆ ಬರುತ್ತಿದ್ದದ್ದು ಅದೊಂದೇ, ಅದನ್ನೇ ಇನ್ನೊಮ್ಮೆ, ಇನ್ನೂ ನಿಧಾನಕ್ಕೆ ಹಾಡಿದಳು. ಕೈಯ ಅಕ್ಕಿಕಾಳು ಮುಗಿದು ಜನ ನೆಲದಿಂದ ಆರಿಸಿಕೊಳ್ಳತೊಡಗಿದರು. ನನಗೆ ಕಣ್ಣು ತುಂಬಿ ಬಂತು. ನನ್ನ ಮಾನ ಉಳಿಸಲು ತನ್ನ ಮಾನ ಬಿಟ್ಟು ನಿಂತಿದ್ದಳು ಆಕೆ.

ಆದರೆ ಬೀಗರಿಗೆ ಇದೊಂದು ಸವಾಲಾಗಿ ಕಂಡಿತು. ಹೆಣ್ಣಿನ ಕಡೆಯವರು ಇಷ್ಟು ಹಾಡಿದರೆ ನಾವೇನು ಕಡಿಮೆಯೇ ಎಂದು ವರನ ಸೋದರತ್ತೆ ಮೈಕು ಕಸಿದುಕೊಂಡರು. ಅವರಾದ ಮೇಲೆ ವರನ ಕಾಕಾ. ಇತ್ತ ಕ್ಯಾಮರಾ ತಯಾರಾಗಿ ನಿಂತಿತು, ಹಾಡು ಮಾತ್ರ ನಿಲ್ಲಲಿಲ್ಲ. ಅಂತರಪಟ ಹಿಡಿದವರ ತೋಳು ನಡುಗುತ್ತಿದ್ದವು. ಭಟ್ಟರು ಗಡಿಯಾರ ತೋರಿಸಿ, "ಮುಹೂರ್ತ ಮೀರಾಕತ್ತೈತ್ರಿ!" ಎಂದು ಕೂಗಿದರು.

ಹೆಂಡತಿ ಹೋಗಿ ಕಾಕಾನ ಕೈಯಿಂದ ಮೈಕು ಎಳೆದುಕೊಂಡಳು. "ಸಾಕು, ಮುಗಸ್ರಿ" ಎನ್ನಲು ಬಾಯಿ ತೆರೆದಳಂತೆ. ಅದು ಯಾರಿಗೆ ಗೊತ್ತು? ಮೂರನೆಯ ಸಲ ಶುರುವಾಯಿತು ಎಂದೇ ಇಡೀ ಮಂಟಪ ಬೆದರಿತು. ಭಟ್ಟರು ಅವಳಿಗೆ ಉಸಿರೆಳೆಯಲೂ ಬಿಡದೆ "ಸಾವಧಾನ!" ಎಂದು ಚೀರಿ ಅಂತರಪಟವನ್ನು ತಾವೇ ಎಳೆದುಹಾಕಿದರು. ಅಕ್ಕಿಕಾಳು ಸುರಿಯಿತು. ನಾನು ಒತ್ತಿದೆ. ಒಂದೇ ಫೋಟೋ ಬಂತು, ಕ್ಯಾಮರಾ ಮತ್ತೆ ಸತ್ತಿತು.

ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದು ನೋಡಿದೆ. ವರ ವಧುವನ್ನು ನೋಡುತ್ತಿರಲಿಲ್ಲ. ವಧು ವರನನ್ನು ನೋಡುತ್ತಿರಲಿಲ್ಲ. ಭಟ್ಟರು, ಬೀಗರು, ಅಂತರಪಟ ಹಿಡಿದವರು, ಎಲ್ಲರೂ ಕಣ್ಣು ಅಗಲಿಸಿಕೊಂಡು ಮೈಕಿನ ಕಡೆ ನೋಡುತ್ತಿದ್ದರು. ಹೆಂಡತಿ ಬಂದು ಬಹಳ ಹೊತ್ತು ಆ ಫೋಟೋವನ್ನೇ ನೋಡಿದಳು.

"ನೋಡ್ರಿ ಇಲ್ಲೆ. ಒಬ್ಬರರೆ ಅತ್ತಾಗ ಇತ್ತಾಗ ನೋಡ್ಯಾರೇನು? ನಾ ಹಾಡತೀನಿ ಅಂದ್ರ ಎಲ್ಲಾರೂ ಹೆಂಗ ಮೈಮರತು ನಿಂತಾರ! ಇದನ್ನ ದೊಡ್ಡದು ಮಾಡಿ ಅಣ್ಣನ ಮನಿಗಿ ಕಳಸ್ರಿ."

ಕಳಿಸಿದೆ. ಬೀಡಿ ಊರಿನ ಆ ಮನೆಯ ಪಡಸಾಲೆಯಲ್ಲಿ ಈಗ ಅದೇ ಇದೆ.

ಮೊನ್ನೆ ಅವಳ ಅಣ್ಣ ಫೋನು ಮಾಡಿದ್ದರು. ಕಿರಿಯ ಮಗಳ ಮದುವೆಯೂ ಗೊತ್ತಾಗಿದೆ, ಈ ಸಲವೂ ಫೋಟೋ ನಿಮ್ಮದೇ ಎಂದರು. ಆಮೇಲೆ ದನಿ ತಗ್ಗಿಸಿ, "ತಂಗಿ ಬಾಜೂಕ ಇಲ್ಲಲ್ಲ?" ಎಂದು ಕೇಳಿದರು. ಇಲ್ಲ ಎಂದೆ.

"ನಿಮ್ಮ ಕ್ಯಾಮರಾದ ಬ್ಯಾಟರಿ ಎಷ್ಟ ಬೇಕೋ ಅಷ್ಟು ನಾನ ತರಸತೀನ್ರಿ. ಮುಂಬೈದಾಗ ಸಿಗಲಿ, ದಿಲ್ಲ್ಯಾಗ ಸಿಗಲಿ. ಕೈ ಮುಗೀತೀನಿ, ಮಂಟಪದಾಗ ಮಾತ್ರ ಚಾರ್ಜ್ ಮುಗೀಬಾರದು."