ಅತ್ತೆಯನ್ನು ಬೆಳ್ಳಗೆ ಮಾಡಿದ್ದು

ಅಪ್ಪನ ತಂಗಿಯನ್ನು, ಅಂದರೆ ನನ್ನ ಅತ್ತೆಯನ್ನು, ಅರ್ಧ ಗಂಟೆಯಲ್ಲಿ ಬೆಳ್ಳಗೆ ಮಾಡಿದ ಮಹಾಪುರುಷ ನಾನೇ! ಅಷ್ಟು ವರ್ಷ ಆಳಿದ ಇಂಗ್ಲಿಷರಿಂದಲೂ ಆಗದ ಕೆಲಸ. ಅದಕ್ಕೇ ಈಗ ಮನೆಯಲ್ಲಿ ನನ್ನನ್ನು ಕೊತ್ತಂಬರಿ ತರಲೂ ಕಳಿಸುವುದಿಲ್ಲ.

ಅತ್ತೆ ಪ್ರೊಫೆಸರ್. ಬಿಳಿಯರು ಹೋದ ಮೇಲೂ ಬಿಳಿ ಬಣ್ಣದ ಹುಚ್ಚು ನಮ್ಮ ತಲೆಯಲ್ಲಿ ಹೇಗೆ ಠಿಕಾಣಿ ಹೂಡಿದೆ ಎಂಬುದೇ ಅವಳ ಸಂಶೋಧನೆ. ದೇಶದೇಶ ತಿರುಗಿ ಭಾಷಣ ಮಾಡಿದ್ದಾಳೆ. ಮಾಡಲಿ, ಯಾರು ಬೇಡ ಅಂದರು? ಆದರೆ ದೇಶಪಾಂಡೆ ನಗರದ ಅಂಗಡಿಯಲ್ಲಿ, ಬೆಳ್ಳಗಾಗುವ ಕ್ರೀಮಿನ ಡಬ್ಬಿ ಕಂಡರೂ ಶುರು! ಒಮ್ಮೆ ಅಂಗಡಿಯವರು ಕೈ ಮುಗಿದರು: "ಮೇಡಂ, ನಾ ಹುಟ್ಟೂದ್ರೊಳಗ ಇಂಗ್ಲಿಷರು ಹೋಗಿಬಿಟ್ಟಿದ್ರು. ನನಗ್ಯಾಕ್ರಿ ಬೈತೀರಿ?"

ಅಕ್ಕನನ್ನು ನೋಡಲು ಬಂದ ಗಂಡಿನ ಕಡೆಯವರು, "ಹುಡುಗಿ ಇನ್ನ ಸ್ವಲ್ಪ ಬೆಳ್ಳಗಿದ್ರ ಛಲೋ ಇತ್ತು" ಎಂದರು. ಅತ್ತೆ ಬಹಳ ವಿನಯದಿಂದ ಕೇಳಿದಳು: "ಯಾಕ್ರಿ? ಕರೆಂಟ್ ಹ್ವಾದಾಗ ಹುಡುಕಾಕ ಅನುಕೂಲ ಆಗ್ಲಿ ಅಂತೇನ್ರಿ?" ಬಂದವರು ಎದ್ದು ಹೋದರು. ಅವರ ಪಾಲಿನ ಶಿರಾ ನಾನು ತಿಂದೆ. ಅತ್ತೆಯ ಸಂಶೋಧನೆಯಿಂದ ನಮ್ಮ ಮನೆಯಲ್ಲಿ ಲಾಭವಾದದ್ದು ನನಗೊಬ್ಬನಿಗೇ!

ಇಂಥವಳನ್ನು ಹುಟ್ಟೂರು ಹುಬ್ಬಳ್ಳಿ ಒಮ್ಮೆಯೂ ಭಾಷಣಕ್ಕೆ ಕರೆದಿರಲಿಲ್ಲ. ಕಡೆಗೆ ಕಳೆದ ತಿಂಗಳು, ಅವಳು ಓದಿದ ಶಾಲೆಯವರೇ ಕರೆದರು. ಅತ್ತೆ ಕುಣಿಯುವುದೊಂದು ಬಾಕಿ! "ನನ್ನ ಫೋಟೋ ದೊಡ್ಡದ ಹಾಕ್ಸಪಾ. ಈ ಮಾರಿ ನಮ್ಮೂರಾಗೂ ಒಮ್ಮೆ ಕಾಣ್ಲಿ" ಎಂದು ಬ್ಯಾನರಿನ ಕೆಲಸ ನನಗೆ ಒಪ್ಪಿಸಿದಳು.

ಗೋಕುಲ ರಸ್ತೆಯಲ್ಲಿ ಬ್ಯಾನರ್ ಮಾಡುವವನಿಗೆ "ಛಲೋ ಕಾಣೂಹಂಗ ಮಾಡ್ರಿ" ಎಂದು ಹೇಳಿ, ನಾನು ಮಿರ್ಚಿ ತಿನ್ನಲು ಹೋದೆ. ಅವನು ಛಲೋ ಮಾಡಿದ. ಎಷ್ಟು ಛಲೋ ಅಂದರೆ, ಅತ್ತೆಯ ಅಪ್ಪ ಲಂಡನ್ನಿನವನಿರಬೇಕು ಅನ್ನಬೇಕು! ಬಿಚ್ಚಿ ನೋಡದೆ ತಂದು, ಕಟ್ಟಲು ಶಾಲೆಯವರ ಕೈಗೆ ಕೊಟ್ಟುಬಿಟ್ಟೆ. ಮೇಲೆ 'ಬಣ್ಣದ ಗುಲಾಮಗಿರಿ' ಎಂಬ ಅಕ್ಷರ. ಕೆಳಗೆ ಹಾಲಿನಲ್ಲಿ ಅದ್ದಿ ತೆಗೆದಂಥ ಅತ್ತೆ!

ವೇದಿಕೆ ಹತ್ತಿದವಳು ತಿರುಗಿ ನೋಡಿ, "ಅಯ್ಯ! ಯಾರೀಕಿ?" ಎಂದಳು. ಮಂದಿ ಬಿದ್ದು ಬಿದ್ದು ನಕ್ಕರು. ಅವಳೂ ನಕ್ಕಳು. ಆವತ್ತಿನ ಭಾಷಣದ ಮೊದಲ ಉದಾಹರಣೆ ನಾನೇ!

ಎಲ್ಲರೂ ಹೋದ ಮೇಲೆ ಬ್ಯಾನರ್ ಹರಿಯಲು ಕೈ ಹಾಕಿದೆ. ಬೈಸಿಕೊಳ್ಳಲು ತಯಾರಾಗಿಯೇ ಇದ್ದೆ. ಅತ್ತೆ "ತಡಿಯೋ" ಎಂದು ನನ್ನ ಕೈ ಹಿಡಿದಳು. ಆ ಬಿಳಿ ಮುಖವನ್ನೇ ನೋಡುತ್ತ ನಿಂತಳು.

"ನಮ್ಮವ್ವ ದಿನಾ ಕಡ್ಲಿಹಿಟ್ಟು ಹಚ್ಚಿ ನನ್ನ ಮಾರಿ ತಿಕ್ಕತಿದ್ಲು. ಈ ಬಿಳಿ ಮಾರಿಯಾಕಿನ್ನ ಹುಡುಕತಿದ್ಲೋ ಏನೋ ಪಾಪ. ಅದು ತಪ್ಪಂತ ನಾ ಇಷ್ಟೆಲ್ಲಾ ಓದಿದೆ, ಬರದೆ. ಆದ್ರ ಆಕಿ ಕೈ ಎಷ್ಟ ಮೆತ್ತಗಿದ್ವು ಗೊತ್ತೇನ? ಖರೇ ಹೇಳ್ಲಿ? ಇವತ್ತ ಆಕಿ ಇದ್ದು 'ಬಾ ಇಲ್ಲೆ' ಅಂದ್ರ, ಸುಮ್ನ ಹೋಗಿ ಮಾರಿ ಮುಂದ ಮಾಡ್ತೇನಿ."