ಡಬ್ಬಿ ಹಿಡಿದ ಅನುಭವ

ಮೈಸೂರು ನಗರದಲ್ಲಿ ದಾನ ಕೊಡಲು ಯಾರ ಅಪ್ಪಣೆಯೂ ಬೇಕಿಲ್ಲ, ಕೇಳಲು ಬೇಕು. ೧೯೯೮ರಲ್ಲಿ ಈ ಅಪ್ಪಣೆಯನ್ನು ಕೊಡುತ್ತಿದ್ದದ್ದು, ಅಂದರೆ ಕೊಡದೆ ಇರುತ್ತಿದ್ದದ್ದು, ದಾನಸಂಗ್ರಹ ನಿಯಂತ್ರಣ ಶಾಖೆ. ಶಾಖೆಯ ಸುತ್ತೋಲೆ ಹೀಗಿತ್ತು: 'ಸಾರ್ವಜನಿಕ ಸ್ಥಳದಲ್ಲಿ ಡಬ್ಬಿ ಹಿಡಿದು ಹಣ ಸಂಗ್ರಹಿಸಲು ಇಚ್ಛಿಸುವವರು ಹಿಂದೆ ಡಬ್ಬಿ ಹಿಡಿದ ಅನುಭವ ಹೊಂದಿರತಕ್ಕದ್ದು. ಅನುಮತಿಯಿಲ್ಲದೆ ಡಬ್ಬಿ ಹಿಡಿದವರ ಮೇಲೆ ಕ್ರಮ ಜರುಗಿಸತಕ್ಕದ್ದು.'

ಇದನ್ನು ಬರೆದವರು ಆಗ ಸೂಪರಿಂಟೆಂಡೆಂಟರಾಗಿದ್ದ ಪ್ರಭುಸ್ವಾಮಿಯವರು. ಆ ಎರಡು ವಾಕ್ಯಗಳ ನಡುವೆ ಅವರಿದ್ದಷ್ಟು ಕಾಲ ಒಂದು ಇರುವೆಯೂ ನುಸುಳಿರಲಿಲ್ಲ. ನಿವೃತ್ತಿಯ ದಿನ ಶಾಲು ಹೊದಿಸಿದ್ದೂ ಮುಖ್ಯವಾಗಿ ಅದಕ್ಕೇ.

ಚಾಮುಂಡಿ ಬೆಟ್ಟದ ಪಾದದಲ್ಲಿ ಹೂ ಮಾರುವ ಪುಟ್ಟಬಸಮ್ಮನ ಕಣ್ಣು ಮಂಜಾದದ್ದನ್ನು ಮೊದಲು ಗಮನಿಸಿದವರೂ ಅವರೇ. ಆಕೆ ಘಮವಿಲ್ಲದ ಅಗ್ಗದ ಕಾಕಡದ ಬೆಲೆಗೆ ಮಲ್ಲಿಗೆ ಕೊಡತೊಡಗಿದ್ದಳು. ಕೆಲವು ದಿನ ಅವರು ಅದನ್ನು ಅನುಕಂಪದಿಂದ ಸ್ವೀಕರಿಸಿದರು. ಆಮೇಲೆ ವಿಷಯ ಹೊರಬಿತ್ತು: ಆಷಾಢ ಕಳೆಯುವುದರೊಳಗೆ ಆಪರೇಷನ್ ಆಗದಿದ್ದರೆ ಇದ್ದ ದೃಷ್ಟಿಯೂ ಹೋಗುತ್ತದೆ, ಅದು ಉಚಿತ ಶಿಬಿರದಲ್ಲಿ ಆಗುವಂಥದ್ದಲ್ಲ. ತಮ್ಮ ಪಿಂಚಣಿಯಿಂದಲೇ ಕೊಟ್ಟುಬಿಡುವ ಯೋಚನೆ ಪ್ರಭುಸ್ವಾಮಿಯವರಿಗೆ ಬರಲಿಲ್ಲವೆಂದಲ್ಲ. ಬಂತು, ಆದರೆ ಸಮಾಜದ ಜವಾಬ್ದಾರಿಯನ್ನು ಒಬ್ಬರೇ ಕಸಿದುಕೊಳ್ಳುವುದು ಸರಿಯಲ್ಲವೆಂದು ತಡೆದರು.

"ಜನ್ಮವೆಲ್ಲ ಬೇರೆಯವರಿಗೆ ಇಲ್ಲ ಅಂದಿದ್ದೀರಿ. ಒಂದ್ಸಲ ನೀವೇ ಹೋಗಿ ಕೇಳಿ ನೋಡಿ" ಎಂದರು ಹೆಂಡತಿ ಪ್ರೇಮಲೀಲಾ.

ಅವರ ಹಳೆಯ ಕುರ್ಚಿಯಲ್ಲಿ ಈಗ ಅವರೇ ತಿದ್ದಿ ಬೆಳೆಸಿದ ಶಿಲ್ಪಶ್ರೀ ಕೂತಿದ್ದಳು. ಎದ್ದು ನಿಂತಳು, ಕಾಫಿ ತರಿಸಿದಳು, ಅರ್ಜಿಯನ್ನು ಕಣ್ಣಿಗೊತ್ತಿಕೊಂಡಳು.

"ಅನುಭವ ಇದೆಯಾ ಸಾರ್?"

"ಇಲ್ಲ ಕಣಮ್ಮ. ಇದ್ದಿದ್ರೆ ನನ್ನ ಮೇಲೆ ಕೇಸ್ ಇರ್ತಿತ್ತಲ್ಲ!"

"ಹಾಗಾದ್ರೆ ಕಷ್ಟ ಸಾರ್. ಅರ್ಜಿದಾರರ ಮುಖ ನೋಡ್ಬೇಡ, ಸುತ್ತೋಲೆ ನೋಡು ಅಂತ ನೀವೇ ಹೇಳ್ಕೊಟ್ಟಿದ್ದು."

ಪ್ರಭುಸ್ವಾಮಿಯವರ ಎದೆ ಉಬ್ಬಿತು. ಎಂಥ ಸುತ್ತೋಲೆ! ಬರೆದವನನ್ನೂ ಬಿಡುವುದಿಲ್ಲ! ಮರುಕ್ಷಣ ಪುಟ್ಟಬಸಮ್ಮ ನೆನಪಾಗಿ ನಾಚಿಕೆಯಾಯಿತು. ಕಾಫಿ ಆರಿತು.

ಶಿಲ್ಪಶ್ರೀಗೆ ಗುರುವಿನ ಮೇಲೆ ಕನಿಕರ ಹುಟ್ಟಿರಬೇಕು. ದನಿ ತಗ್ಗಿಸಿ, "ಇದರಲ್ಲಿ ಡಬ್ಬಿ ಅಂತಿದೆ ಸಾರ್. ಜೋಳಿಗೆ ಅಂತ ಇಲ್ಲ" ಎಂದಳು.

ಇರಲಿಲ್ಲ, ನಿಜ. ಮಠದ ಸ್ವಾಮಿಗಳು ಜೋಳಿಗೆ ಹಿಡಿದು ಬರುವ ಊರಿನಲ್ಲಿ ಜೋಳಿಗೆಯ ತಂಟೆಗೆ ಹೋಗುವಷ್ಟು ಧೈರ್ಯ ಪ್ರಭುಸ್ವಾಮಿಯವರಿಗೆ ಅಂದೂ ಇರಲಿಲ್ಲ.

ಪ್ರೇಮಲೀಲಾ ಹಳೇ ಪಂಚೆಯಲ್ಲಿ ಜೋಳಿಗೆ ಹೊಲಿದುಕೊಟ್ಟರು. ಆಷಾಢದ ಮೊದಲ ಶುಕ್ರವಾರ ಪ್ರಭುಸ್ವಾಮಿಯವರು ಹಣೆತುಂಬ ವಿಭೂತಿ ಧರಿಸಿ ಪುಟ್ಟಬಸಮ್ಮನ ಬುಟ್ಟಿಯ ಪಕ್ಕ ನಿಂತರು. ಜನ ಸಾಗರದಂತೆ ಹರಿಯುತ್ತಿತ್ತು. 'ಆಗುವುದಿಲ್ಲ' ಎಂದು ಸಲೀಸಾಗಿ ಹೇಳುತ್ತಿದ್ದ ಬಾಯಿಗೆ 'ಕೊಡಿ' ಎಂಬುದು ಬರಲೊಲ್ಲದು.

"ಇಂಗೆ ಬಾಯಿ ಮುಚ್ಕಂಡು ನಿಂತ್ಬುಟ್ರೆ ಯಾರ್ ಕೊಟ್ಟಾರು ಸಾಮಿ? 'ತಾಯಿ, ಒಂದು ಕಣ್ಣು ಉಳ್ಸಿ' ಅನ್ನಿ" ಎಂದು ಪುಟ್ಟಬಸಮ್ಮ ಗದರಿದಳು.

ಅಂದರು. ಮೊದಲ ನಾಣ್ಯ ಬಿದ್ದಾಗ ಅವರ ಕಣ್ಣೇ ತುಂಬಿ ಬಂತು. ಆಮೇಲೆ ತಡೆಯಿಲ್ಲ. ಬಂದೋಬಸ್ತಿನ ಪೊಲೀಸಿನವರೂ ನೋಟು ಹಾಕಿ ಕಾಲಿಗೆ ಬಿದ್ದರು. ಆಷಾಢ ಮುಗಿಯುವ ಮುಂಚೆಯೇ ಆಪರೇಷನ್ ಆಗಿ ಪುಟ್ಟಬಸಮ್ಮನ ದೃಷ್ಟಿ ಉಳಿಯಿತು.

ಸುದ್ದಿ ಹಬ್ಬಿತು. ಬೋಗಾದಿಯ ಕ್ರಿಕೆಟ್ ಸಂಘ, ಹಿನಕಲ್ಲಿನ ಗಣಪತಿ ಮಂಡಳಿ, ಎಲ್ಲರೂ ವಿಭೂತಿ ಬಳಿದುಕೊಂಡು ಜೋಳಿಗೆ ತಗಲಿಸಿಕೊಂಡರು. ಅವರು ಬೀದಿಗಿಳಿಯುವ ಮೊದಲೇ ಶಾಖೆ ತುರ್ತು ಸಭೆ ಸೇರಿ ತಿದ್ದುಪಡಿ ಹೊರಡಿಸಿತು: 'ಡಬ್ಬಿ ಎಂದಿರುವಲ್ಲೆಲ್ಲ ಜೋಳಿಗೆಯನ್ನೂ ಸೇರಿಸಿ ಓದಿಕೊಳ್ಳತಕ್ಕದ್ದು.' ಮಠದ ಸ್ವಾಮಿಗಳನ್ನು ಬಿಟ್ಟರೆ ಇಡೀ ನಗರದಲ್ಲಿ ಕಾನೂನುಬದ್ಧ ಅನುಭವವಿದ್ದವರು ಪ್ರಭುಸ್ವಾಮಿಯವರೊಬ್ಬರೇ ಆದ್ದರಿಂದ ಅವರನ್ನು ಗೌರವ ಅನುಭವ ಪರಿಶೀಲನಾಧಿಕಾರಿಯಾಗಿ ನೇಮಿಸಿ, ಬೆಟ್ಟದ ಪಾದದಲ್ಲೇ ಮೇಜು, ಕುರ್ಚಿ, ಮೊಹರು ಒದಗಿಸಲಾಯಿತು. ಮತ್ತೊಂದು ಶಾಲನ್ನೂ ಹೊದಿಸಲಾಯಿತು.

ಒಂದು ಬೆಳಿಗ್ಗೆ ಸರದಿಯಲ್ಲಿ ಪುಟ್ಟಬಸಮ್ಮ ನಿಂತಿದ್ದಳು. "ಕಾಯಿ ಮಾರೋ ಚಲುವಮ್ಮಂಗೆ ಕಾಲು ಆಪರೇಷನ್ ಆಗ್ಬೇಕಂತೆ ಸಾಮಿ. ನಾನೇ ಜೋಳಿಗೆ ಹಿಡೀತೀನಿ. ಒಂದು ಮೊಹರು ಒತ್ಬುಡಿ."

ಪ್ರಭುಸ್ವಾಮಿಯವರು ಕನ್ನಡಕ ಏರಿಸಿದರು. "ಅನುಭವ ಇದೆಯೇನಮ್ಮ?"

"ಇಲ್ಲ. ನೀವೇ ಹಿಡೀರಿ ಅಂಗಾದ್ರೆ."

"ಅಧಿಕಾರಿಗಳು ಹಿಡಿಯೋ ಹಾಗಿಲ್ಲ ಕಣಮ್ಮ."

ಪುಟ್ಟಬಸಮ್ಮ ಎರಡೂ ಕಣ್ಣು ತೆರೆದು ಅವರನ್ನೇ ದಿಟ್ಟಿಸಿದಳು. "ನನ್ ಕಣ್ಣು ಉಳ್ಸಿದ್ದು ಇದ್ನ ನೋಡ್ಲಿ ಅಂತ್ಲಾ ಸಾಮಿ?"

ಪ್ರಭುಸ್ವಾಮಿಯವರ ಕೈ ಮೊಹರಿನವರೆಗೂ ಹೋಯಿತು. ಆದರೆ ಸುತ್ತೋಲೆ ತಮ್ಮದೇ, ಅಕ್ಷರಗಳೂ ತಮ್ಮವೇ. ಕೈ ಹಿಂದೆ ಬಂತು. "ಮುಂದಿನವರು ಬನ್ನಿ" ಎಂದರು. ಸರದಿಯಲ್ಲಿದ್ದವರಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಅನುಭವವಿಲ್ಲದವರು ಯಾಕೆ ಬಂದು ಹೊತ್ತು ಹಾಳುಮಾಡುತ್ತಾರೋ ಎಂದುಕೊಂಡು ಒಂದು ಹೆಜ್ಜೆ ಮುಂದೆ ಸರಿದರು.

ಸಂಜೆ ಪ್ರಭುಸ್ವಾಮಿಯವರು ಎಂದಿನಂತೆ ಹೂವಿನ ಬುಟ್ಟಿಯ ಮುಂದೆ ನಿಂತು ಮಲ್ಲಿಗೆ ಕೇಳಿದರು. ಪುಟ್ಟಬಸಮ್ಮ ಅವರ ಮುಖವನ್ನೇ ನೋಡುತ್ತ ಒಂದು ಮೊಳ ಕಾಕಡ ಅಳೆದು, ಮಲ್ಲಿಗೆಯ ಬೆಲೆ ಹೇಳಿದಳು. ಅವರು ತೆಪ್ಪಗೆ ಕೊಟ್ಟು, ಹೂ ಹಿಡಿದು ಮನೆಗೆ ನಡೆದರು.